ಅಳಿಯನ ಹೆಸರಿಗೊಂದು ನಲ್ಲಿ

ಬಸವಪ್ರಸಾದ ತನ್ನ ಹೆಂಡತಿಯಾಗಲಿದ್ದ ಶಾಂತಲಾಳನ್ನು ಮೊದಲ ಸಲ ನೋಡಿದ್ದು ಒಂದೇ ಕಣ್ಣಿನಿಂದ. ಇನ್ನೊಂದು ಕಣ್ಣಿನ ತುಂಬ ಸೋಪಿನ ನೊರೆಯಿತ್ತು.

ಗಾವಡಗೆರೆ ಕಡೆಯಿಂದ ಹೆಣ್ಣು ನೋಡಲು ಹುಣಸೂರಿಗೆ ಬಂದಿದ್ದ ದಿನ ಅದು. ಬಸ್ಸಿನ ಧೂಳು ಮೆತ್ತಿದ್ದ ಮುಖವನ್ನು ಹೆಣ್ಣಿನ ಮನೆಯ ಅಂಗಳದ ನಲ್ಲಿಯಲ್ಲಿ ತೊಳೆಯತೊಡಗಿದ್ದ. ಸೋಪು ಹಚ್ಚಿಕೊಂಡದ್ದೇ ತಡ, ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅದೇ ಹೊತ್ತಿಗೆ ಪಕ್ಕದ ಕಾಂಪೌಂಡಿನಾಚೆ ಯಾರದೋ ಬಿಂದಿಗೆಗೆ ದಬದಬ ನೀರು ಬೀಳುವ ಸದ್ದು ಕೇಳಿಸಿತು. ಗಂಡು ಕುರುಡನಂತೆ ಎರಡೂ ಕೈ ಚಾಚಿ ನಿಂತಿದ್ದಾಗ, "ತಗಳ್ಳಿ, ಕಣ್ ತೊಳ್ಕಳ್ಳಿ" ಎಂದಿತು ಒಂದು ದನಿ. ಒಂದು ಕಣ್ಣು ತೆರೆದರೆ ಹಳದಿ ಸೀರೆ, ಹಿತ್ತಾಳೆ ಚೊಂಬು, ತಡೆದುಕೊಂಡ ನಗು. ಅಂಥ ಹೊತ್ತಿನಲ್ಲಿ ನೀರು ತಂದವಳನ್ನು ಒಲ್ಲೆ ಎನ್ನಲು ಯಾರಿಗೆ ಧೈರ್ಯವಿದ್ದೀತು? ಮದುವೆಯಾಯಿತು. ಹೆಣ್ಣು ಒಬ್ಬಳೇ ಮಗಳು, ಮಾವ ಮಹದೇವಪ್ಪನವರು ಆಗಲೇ ತೀರಿಕೊಂಡಿದ್ದರು. ಬಸವಪ್ರಸಾದ ಮನೆ ಅಳಿಯನಾದ.

ಮನೆ ಅಳಿಯನ ಕಷ್ಟ ಮನೆ ಅಳಿಯನಿಗೇ ಗೊತ್ತು. ಅವನು ತನ್ನ ವಂಶದಲ್ಲೇ ಮೊದಲ ಪದವೀಧರ, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಆದರೆ ಕರೆಂಟು ಬಿಲ್ಲು ಮಹದೇವಪ್ಪನವರ ಹೆಸರಿಗೆ, ಗ್ಯಾಸು ಮಹದೇವಪ್ಪನವರ ಹೆಸರಿಗೆ. ಅಂಚೆಯವನು ಅಳಿಯನ ಕಾಗದ ತಂದರೂ "ಮಾದೇವಪ್ಪೋರೇ" ಎಂದೇ ಕೂಗುತ್ತಿದ್ದ. (ಅದಕ್ಕೆ ಅಳಿಯ "ಬಂದೆ" ಎನ್ನಬೇಕಾಗುತ್ತಿತ್ತು.) ಈ ಮನೆಯಲ್ಲಿ ಒಂದೇ ಒಂದು ವಸ್ತು, ಅದು ಮೊರವೇ ಆಗಲಿ, ತನ್ನ ಹೆಸರಿನಲ್ಲಿರಬೇಕು ಎಂಬುದು ಅವನ ಜೀವನದ ಏಕೈಕ ಮಹತ್ವಾಕಾಂಕ್ಷೆಯಾಗಿ ಬೆಳೆಯಿತು.

ಅಷ್ಟರಲ್ಲಿ ಬೀದಿಗೆ ನೀರಿನ ಮೀಟರು ಬರುವ ಸುದ್ದಿ ಬಂತು. ತಿಂಗಳಿಗೆ ಇಷ್ಟು ಎಂಬ ಒಂದೇ ದರ ಇನ್ನಿಲ್ಲ, ಬಳಸಿದಷ್ಟಕ್ಕೆ ಬಿಲ್ಲು. ಜತೆಗೊಂದು ನಿಯಮ: ನಲ್ಲಿಯ ಯಜಮಾನ ತೀರಿಕೊಂಡಿದ್ದರೆ, ಬದುಕಿರುವವರಲ್ಲಿ ಒಬ್ಬರು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಬಸವಪ್ರಸಾದನಿಗೆ ಸ್ವರ್ಗದ ಬಾಗಿಲೇ ತೆರೆದಂತಾಯಿತು.

"ಅತ್ತೆ, ಹಳೇ ನೀರಿನ ರಸೀದಿ ಎಲ್ಲಿವೆ?"

ಅತ್ತೆ ಪ್ರೇಮಮ್ಮ ಅಕ್ಕಿ ಆರಿಸುತ್ತಿದ್ದರು. ಕೈ ನಿಂತಿತು. "ಇಲಿ ತಿಂದವೆ."

"ಒಂದೂ ಇಲ್ವೇ?"

"ನಿಮ್ಮ ಮಾವನೋರು ಒಂದೇ ಸಲಕ್ಕೆ ಕಟ್ಟಿಬುಟ್ರಂತೆ. ಈಗ್ಯಾಕೆ ಅಳಿಯಂದ್ರೆ ಮೀಟ್ರು ಗೀಟ್ರು? ಬರೋ ನೀರು ಬತ್ತಾ ಅದೆ, ಸುಮ್ಕಿರಿ."

ಸುಮ್ಮನಿರುವುದಕ್ಕೆ ಅವನು ಪದವಿ ಓದಿರಲಿಲ್ಲ. ಕಚೇರಿಗೆ ಹೋಗಿ, ರಸೀದಿ ಇಲ್ಲದವರು ಬರೆದುಕೊಡಬೇಕಾದ ಮುಚ್ಚಳಿಕೆಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದ: ಈ ನಲ್ಲಿ ನನ್ನದು, ಇದರ ಸಕಲ ಜವಾಬ್ದಾರಿಯೂ ನನ್ನದು. ಕೆಳಗೆ ಪೂರ್ತಿ ಹೆಸರು, ಬಿ.ಎ., ಬಿ.ಎಡ್. ಬರುವಾಗ ಮೈಸೂರುಪಾಕು ತಂದ.

"ಏನ್ರೀ ವಿಶೇಷ?" ಎಂದಳು ಶಾಂತಲಾ.

"ನಲ್ಲಿ ನನ್ನ ಹೆಸರಿಗಾಯ್ತು ಕಣೇ!"

"ನಾಕು ದಿನಕ್ಕೊಂದು ಸಲ ಬರೋ ನಲ್ಲಿ. ಹೆಸರಿಟ್ಟು ತೊಟ್ಟಿಲಿಗೂ ಹಾಕ್ಬುಡಿ."

ಯಜಮಾನನಾದ ಮೇಲೆ ಯಜಮಾನನ ಚಿಂತೆಗಳೂ ಶುರುವಾದವು. ನೀರು ಬಿಟ್ಟ ದಿನ ಪಕ್ಕದ ಮನೆಯ ಕೆಂಪಾಜಮ್ಮ ನಲ್ಲಿ ತಿರುಗಿಸಿದಳೆಂದರೆ ಇವರ ನಲ್ಲಿ ಸತ್ತೇಹೋಗುತ್ತಿತ್ತು. ಅವಳು ನಿಲ್ಲಿಸಿದರೆ ಇವರದಕ್ಕೆ ಜೀವ ಬರುತ್ತಿತ್ತು. ಬಸವಪ್ರಸಾದ ಗೋಡೆಗೆ ಕಿವಿಗೊಟ್ಟು ಇದನ್ನು ಪರೀಕ್ಷಿಸಿ ತೀರ್ಮಾನಕ್ಕೆ ಬಂದ: ಅವಳು ನೆಲದೊಳಗಿನಿಂದ ತನ್ನ ಪೈಪಿಗೆ ಕನ್ನ ಹಾಕಿದ್ದಾಳೆ. ಮೀಟರು ಕೂತ ಮೇಲೆ ಅವಳು ಕುಡಿದ ನೀರಿಗೆ ಇವನು ದುಡ್ಡು ಕಟ್ಟಬೇಕು!

"ಅಗೆಸ್ತೀನಿ" ಎಂದು ಘೋಷಿಸಿದ.

ಪ್ರೇಮಮ್ಮನವರ ಮುಖ ಸುಣ್ಣವಾಯಿತು. "ಬ್ಯಾಡಿ ಅಳಿಯಂದ್ರೆ. ಅಲ್ಲಿ ನಾಗರಾವು ಅದೆ."

"ಹಾವಾಡಿಗನನ್ನ ಕರೆಸೋಣ."

"ಆಷಾಢದಲ್ಲಿ ನೆಲ ಅಗೀಬಾರ್ದು."

"ಶ್ರಾವಣ ಬಂದು ವಾರ ಆಯ್ತು ಅತ್ತೆ."

"ಪಾಪ, ಆ ಕೆಂಪಾಜಮ್ಮ ಗಂಡ ಇಲ್ದೋಳು…"

ಬಸವಪ್ರಸಾದ ಬೆರಗಾದ. ಇದೇ ಅತ್ತೆ, ಕೆಂಪಾಜಮ್ಮ ಕರೆದರೆ, ಅವಳ ಬಾಗಿಲಾಚೆಯೇ ನಿಂತು ಮಾತಾಡಿ ಬರುವವರು. ಆ ಮನೆಯಲ್ಲಿ ಒಂದು ದಿನ ಕಾಫಿ ಕುಡಿದವರಲ್ಲ. ಅವಳ ಮಗಳು ಕೊಟ್ಟ ಹಬ್ಬದ ಒಬ್ಬಟ್ಟು ಹಿತ್ತಿಲ ಎಮ್ಮೆಯ ಪಾಲಾದದ್ದನ್ನು ಅವನೇ ಕಂಡಿದ್ದ. ಇದ್ದಕ್ಕಿದ್ದಂತೆ ಇಷ್ಟು ಕರುಣೆ? ಕಾನೂನಿನ ಮುಂದೆ ಕರುಣೆಯಿಲ್ಲ ಎಂದು ಪಾಠದ ಧಾಟಿಯಲ್ಲಿ ಹೇಳಿ, ದೂರು ಕೊಟ್ಟೇಬಿಟ್ಟ.

ಭಾನುವಾರ ಬೆಳಿಗ್ಗೆ ಎಂಜಿನಿಯರು ಚೇತನ್‌ಕುಮಾರ್ ಆಳುಗಳೊಂದಿಗೆ ಬಂದ. ಬೀದಿಯೂ ಬಂತು. ಗುದ್ದಲಿ ಬಿತ್ತು. ಹಾವಿರಲಿಲ್ಲ. ಮುಖ್ಯ ಕೊಳವೆಯಿಂದ ಒಂದು ದಪ್ಪ ಪೈಪು ಹೊರಟು ಕೆಂಪಾಜಮ್ಮನ ಗೋಡೆಯ ಕಡೆ ನೆಟ್ಟಗೆ ಹೋಗಿತ್ತು. ಆ ಪೈಪಿನ ಪಕ್ಕೆಯಿಂದ ಕಿರುಬೆರಳಿನಷ್ಟು ಸಣ್ಣದೊಂದು ಕೊಳವೆ ಕಳ್ಳನಂತೆ ಬಾಗಿಕೊಂಡು ಬಸವಪ್ರಸಾದನ ಅಂಗಳ ಹೊಕ್ಕಿತ್ತು.

ಚೇತನ್‌ಕುಮಾರ್ ಎರಡು ಸಲ ನೋಡಿದ. "ಮೇಷ್ಟ್ರೇ, ಈ ಅಮ್ಮ ನಿಮ್ಮ ನೀರು ತಗೊಂಡಿಲ್ಲ. ನೀವೇ ಇವ್ರದ್ದು ತಗೊಂಡಿದ್ದೀರಿ."

ಕೆಂಪಾಜಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಗುಂಡಿಯ ಅಂಚಿಗೆ ಬಂದಳು. "ಸಿಕ್ದನಾ ಮೇಷ್ಟ್ರೆ ಕಳ್ಳ?"

ಬಸವಪ್ರಸಾದ ಬಗ್ಗಿ ಆ ಸಣ್ಣ ಕೊಳವೆಯನ್ನು ತನ್ನ ಅಂಗಳದವರೆಗೂ ಬೆರಳಿನಿಂದ ಹಿಂಬಾಲಿಸಿದ.

"ನಮ್ ಯಜಮಾನ ಮರಿಯಯ್ಯ ಈ ಊರ್ಗೆ ನೀರು ಬುಡ್ತಿದ್ದೋರು. ನಮ್ದು ಸರ್ಕಾರಿ ಲೆಕ್ಕದ ನಲ್ಲಿ. ಈ ಸಾಂತಲಮ್ಮ ಆಗಿನ್ನೂ ಬಾಣಂತಿ ಮಗ್ಗುಲ ಕೂಸು. ನಿಮ್ ಮಾವ ಬಂದು, 'ಮರಿಯಯ್ಯ, ಕೂಸ್ಗೆ ಎರೆಯಾಕೆ ನೀರಿಲ್ಲ ಕಣಪ್ಪ' ಅಂತ ಕಣ್ಣೀರಾಕ್ಬುಟ್ರು. ಇವ್ರು ಜೋಡಿಸ್ಕೊಟ್ರು. 'ಯಾರ್ಗೂ ಏಳ್ಬ್ಯಾಡಿ, ನಮ್ಮೋರ್ಗೆ ಗೊತ್ತಾದ್ರೆ ಮರ್ವಾದೆ ಓಯ್ತದೆ' ಅಂದ್ರು ನಿಮ್ ಮಾವ. ನಾವು ಏಳಿಲ್ಲ. ಕೂಸ್ಗೆ ಅಲ್ವಾ ಅಂತ ಸುಮ್ಕಿದ್ದೊ. ನಮ್ಮನೆ ಕಾಪಿ ಆಗಾಕಿಲ್ಲ, ನಮ್ಮನೆ ನೀರು ಆಯ್ತದೆ. ಅದ್ಯಾವ ಸೀಮೆ ಮಡಿಯೋ, ಓದ್ದೋರು ನೀವೇ ಏಳ್ಬೇಕು."

ಬೀದಿ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಶಾಂತಲಾ ತಲೆ ತಗ್ಗಿಸಿ ಗುಂಡಿಯನ್ನೇ ನೋಡುತ್ತಿದ್ದಳು. ಒಳಗೆ ಪ್ರೇಮಮ್ಮ ಪೂಜೆಯ ನೀರಿನ ತಂಬಿಗೆ ಹಿಡಿದು, ಲಿಂಗದ ಮೇಲೆ ಎರೆಯಲೂ ಆರದೆ ಚೆಲ್ಲಲೂ ಆರದೆ ಕುಳಿತಿದ್ದರು.

ಚೇತನ್‌ಕುಮಾರ್ ಗಂಟಲು ಸರಿಮಾಡಿಕೊಂಡ. "ಅನಧಿಕೃತ ಸಂಪರ್ಕ. ಕತ್ತರಿಸಬೇಕು, ದಂಡಾನೂ ಬೀಳುತ್ತೆ. ಇದು ಯಾರ ಕನೆಕ್ಷನ್ನು?"

"ನಮ್ಮಪ್ಪಂದು" ಎಂದು ಶಾಂತಲಾ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಪ್ರೇಮಮ್ಮನವರ ಕೂಗು ಬೀದಿಗೆಲ್ಲ ಕೇಳಿಸಿತು:

"ಅಳಿಯಂದ್ರದು! ಮೊನ್ನೇನೇ ಬರ್ಕೊಟ್ಟವ್ರೆ, ಎಲ್ಲಾ ಅವರ್ದೇ!"

ಮದುವೆಯಾದಂದಿನಿಂದ ಆ ಮನೆಯಲ್ಲಿ ಅತ್ತೆ ಅಳಿಯನದೆಂದು ಒಪ್ಪಿಕೊಂಡ ಮೊದಲ ವಸ್ತು ಅದು. ವಾರದೊಳಗೆ ನೋಟೀಸು ಬಂತು. ಅಂಚೆಯವನು ಗೇಟಿನಲ್ಲಿ ನಿಂತು, ಒಂದಕ್ಷರ ತಪ್ಪಿಲ್ಲದೆ, "ಬಸವಪ್ರಸಾದ್, ಬಿ.ಎ., ಬಿ.ಎಡ್." ಎಂದು ಕೂಗಿದ. ಮಹದೇವಪ್ಪನವರ ಹೆಸರಿಗೆ ಒಂದು ಚೂರೂ ಕಳಂಕ ಬರಲಿಲ್ಲ.

ಕೊಳವೆ ಕತ್ತರಿಸಿ ನಲ್ಲಿ ಒಣಗಿದ ಮೇಲೆ ಅಳಿಯ ಕೈಕಟ್ಟಿಕೊಂಡು ನೀರು ಕೇಳಲು ಕೆಂಪಾಜಮ್ಮನ ಬಾಗಿಲಿಗೆ ಹೋದ. "ಕೆಂಪಾಜಮ್ನೋರೆ, ನೀವು ಬೇರೆ ಮನೆಗೆ ನೀರು ಕೊಡೋದು ನಿಯಮದ ಪ್ರಕಾರ…"

"ಪೈಪಲ್ಲಿ ಕೊಡಂಗಿಲ್ವಂತೆ. ಬಿಂದಿಗೇಲಿ ಒತ್ಕೊಂಡೋದ್ರೆ ಯಾರೂ ಕೇಳಲ್ವಂತೆ, ಆ ಎಂಜಿನೇರಪ್ಪನ್ನೇ ಕೇಳ್ಕೊಂಡಿವ್ನಿ. ಒರೋರು ನೀವೇ ಆಗ್ಬೇಕು. ಸಾಂತಲಮ್ಮನ್ ಕೈಲಿ ಒರಿಸಿದ್ರೆ ಕೊಡಾಕಿಲ್ಲ, ನೋಡಿ ಮತ್ತೆ."

ಹೊಸ ಸಂಪರ್ಕದ ಅರ್ಜಿ ಕಚೇರಿಯಲ್ಲಿದೆ. ಬಸವಪ್ರಸಾದ ಈಗ ನೀರು ಬಿಟ್ಟ ದಿನಗಳಲ್ಲಿ ಪಂಚೆ ಎತ್ತಿಕಟ್ಟಿ ಕೆಂಪಾಜಮ್ಮನ ಅಂಗಳದಿಂದ ಮನೆಯ ತೊಟ್ಟಿಗೆ ನೀರು ಹೊರುತ್ತಾನೆ. ತೊಟ್ಟಿ ತುಂಬಿದ ಮೇಲೆ ಶಾಲೆಗೆ ಹೋಗಿ ಪಾಠ ಮಾಡುತ್ತಾನೆ.