ಮೂರು ಬೆರಳಿನ ತಗ್ಗು

"ನನ್ನ ಕೈಯಲ್ಲಿ ಅಧಿಕಾರ ಇರೋವರೆಗೂ ನಮ್ಮ ಮನೆ ಮುಂದಿನ ತಗ್ಗಿಗೆ ಒಂದು ಹಿಡಿ ಡಾಂಬರೂ ಬೀಳಲ್ಲ!" ಅಂತ ಅಳತೆ ಸಾಹೇಬರು ಊಟದ ತಟ್ಟೆಯ ಮುಂದೆ ಕೂತು ಘೋಷಿಸಿದರು. ಕೇಳುವುದಕ್ಕೆ ಹೆಂಡತಿ ಒಬ್ಬರೇ ಇದ್ದರೂ ದನಿ ಮಾತ್ರ ತುಂಬಿದ ಸಭೆಗೆ ಸಾಕಾಗುವಷ್ಟಿತ್ತು.

ಸಾಹೇಬರು ಪುರಸಭೆಯ ರಸ್ತೆ ವಿಭಾಗದ ಮೇಲ್ವಿಚಾರಕರು. ಎಲ್ಲಾದರೂ ಗುಂಡಿ ಬಿದ್ದಿದೆ ಅಂತ ದೂರು ಬಂದರೆ ಖುದ್ದಾಗಿ ಹೋಗಿ, ನಡುಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಗುಂಡಿಯೊಳಗೆ ಕೈ ಇಳಿಸಿ ಅಳೆಯುತ್ತಿದ್ದರು. ನಾಲ್ಕು ಬೆರಳು ಆಳ ಇದ್ದರೆ ಅದು ಗುಂಡಿ. ಅದರ ಸುತ್ತ ಬಿಳಿ ಬಣ್ಣದಲ್ಲಿ ಒಂದು ಸುತ್ತು ಎಳೆಯುವರು, ಡಾಂಬರಿನವರು ಬಂದು ಮುಚ್ಚುವರು. ನಾಲ್ಕಕ್ಕೆ ಕಮ್ಮಿಯಿದ್ದರೆ ಅದು ಬರೀ ತಗ್ಗು. ತಗ್ಗಿಗೆ ಪುರಸಭೆ ಹೊಣೆಯಲ್ಲ. ಬಿದ್ದವರು ತಾವೇ ಎದ್ದು ಬಟ್ಟೆ ಕೊಡವಿಕೊಂಡು ಹೋಗತಕ್ಕದ್ದು.

ಸಾಹೇಬರ ಗೇಟಿನ ಮುಂದಿನದು ಮೂರು ಬೆರಳಿತ್ತು.

"ಬೇರೆಯವರಿಗೆ ಒಂದು ನಿಯಮ, ನನಗೊಂದು ನಿಯಮ ಅಂತ ಇಲ್ಲ ಕಣೇ," ಅಂದರು ಸಾಹೇಬರು.

"ನನ್ನ ಕೇಕಿಗೆ ನಿಮ್ಮ ಬೆರಳಿನ ವಿಚಾರ ಗೊತ್ತಿಲ್ಲ ರೀ," ಅಂದರು ಹೆಂಡತಿ.

ಆಕೆ ಮನೆಯಲ್ಲೇ ಕೇಕು ಮಾಡಿ ಮಾರುತ್ತಿದ್ದರು. ಕೈ ಒಳ್ಳೆಯದು. ಆದರೆ ಕಾರು ಗೇಟು ದಾಟಿ ಆ ತಗ್ಗಿಗೆ ಇಳಿದು ಏಳುವಷ್ಟರಲ್ಲಿ ಎಷ್ಟೋ ಕೇಕುಗಳು ಸೊಂಟ ಮುರಿದುಕೊಂಡಿದ್ದವು. ಈಗ ಊರಿನ ಶಾಲೆಯವರು ತಮ್ಮ ಹೆಡ್ ಮೇಡಂ ಅವರ ನಿವೃತ್ತಿಗೆ ಮೂರು ಅಂತಸ್ತಿನ ಚಾಕೊಲೇಟ್ ಕೇಕು ಬೇಕು ಅಂತ ಕೇಳಿದ್ದರು. ಇದೊಂದು ಸರಿಹೋದರೆ ಇನ್ನು ಮುಂದೆ ಶಾಲೆಯ ಕೇಕೆಲ್ಲ ಆಕೆಯದೇ. ಕೆಟ್ಟರೆ ಪೇಟೆಯ ಬೇಕರಿಯವನದು.

"ನಿಧಾನ ಓಡಿಸು. ತಪ್ಪು ರಸ್ತೆಯದಲ್ಲ, ನಿನ್ನ ಕಾಲಿನದು," ಅಂತ ಸಾಹೇಬರು ಕೈ ತೊಳೆದರು. ಆಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಹೆಂಡತಿ ಮರುಮಾತಾಡದೆ ಎದ್ದು ಹೋದರೆ ಗಂಡನಾದವನು ಸ್ವಲ್ಪ ಹೆದರಬೇಕು. ಸಾಹೇಬರು ಹಾಯಾಗಿ ನಿದ್ದೆ ಮಾಡಿದರು.

ಕೇಕಿನ ದಿನ ಬೆಳಿಗ್ಗೆ ಸಾಹೇಬರು ಹಲ್ಲುಜ್ಜುತ್ತಾ ಗೇಟಿಗೆ ಬಂದರೆ, ತಗ್ಗಿನ ಸುತ್ತ ದುಂಡಗೆ ಒಂದು ಬಿಳಿ ಸುತ್ತು! ಅವರ ಕೈಯಿಂದಲೂ ಅಷ್ಟು ಚಂದ ಬಂದಿರಲಿಲ್ಲ. ಸರ್ಕಾರಿ ಗುರುತನ್ನು ನಕಲು ಮಾಡಿದವರು ಯಾರು ಅಂತ ಕೆಂಡವಾಗಿ ಬಗ್ಗಿದರು. ಅಷ್ಟರಲ್ಲಿ ಪಕ್ಕದ ಮನೆಯ ನಾಯಿ ಬಂದು ಆ ಸರ್ಕಾರಿ ಗುರುತನ್ನು ಆಸೆಯಿಂದ ನೆಕ್ಕತೊಡಗಿತು. ಸಾಹೇಬರು ಬೆರಳಲ್ಲಿ ತೆಗೆದು ಮೂಸಿ ನೋಡಿದರು. ವೆನಿಲಾ.

"ಏನೇ ಇದು?"

"ಮಿಕ್ಕಿದ ಕ್ರೀಮು," ಅಂದರು ಹೆಂಡತಿ ಬಾಗಿಲಲ್ಲಿ ನಿಂತು. "ಎಸೆಯೋದಕ್ಕೆ ಮನಸ್ಸು ಬರಲಿಲ್ಲ."

ಒರೆಸಲು ಸಾಹೇಬರು ಬಕೆಟ್ಟು ತರುವಷ್ಟರಲ್ಲಿ, ಬೀದಿಯ ತುದಿಯಲ್ಲಿ ಕೆಲಸಕ್ಕೆ ನಿಂತಿದ್ದ ಡಾಂಬರಿನ ಲಾರಿ ಮನೆ ಮುಂದೆ ಬಂದಿತ್ತು. ಮೇಸ್ತ್ರಿ ಸುತ್ತು ನೋಡಿದ, ಆಳುಗಳಿಗೆ ಸನ್ನೆ ಮಾಡಿದ. ಇದು ನನ್ನ ಗುರುತಲ್ಲ ಅಂದರೆ ಯಾರದು ಅಂತ ಹೇಳಬೇಕು. ನನ್ನ ಹೆಂಡತಿಯ ಕ್ರೀಮು ಅಂತ ಹೇಳಿದ ಮೇಲೆ ಪುರಸಭೆಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ? ಸುಮ್ಮನೆ ಬಕೆಟ್ಟಿನ ನೀರನ್ನು ಗಿಡಕ್ಕೆ ಹಾಕಿ ಒಳಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ಕನ್ನಡಿಯಂಥ ಡಾಂಬರು. ಅಡ್ಡಲಾಗಿ ಒಂದು ಕಂಬಿ, ಕಂಬಿಯ ಪಕ್ಕ ಮೇಸ್ತ್ರಿ.

"ಕಂಬಿ ತೆಗಿಯಪ್ಪಾ, ಕಾರು ಹೋಗಬೇಕು," ಅಂದರು ಸಾಹೇಬರು.

"ಆಗಲ್ಲ ಸಾರ್. ಹೊಸ ಡಾಂಬರಿನ ಮೇಲೆ ಕತ್ತಲಾಗೋವರೆಗೂ ಗಾಲಿ ಹತ್ತಬಾರದು. ನಾನೇ ಬಂದು ಕೇಳಿದರೂ ಬಿಡಬೇಡ ಅಂದೋರು ನೀವೇ."

"ಮುಚ್ಚಿದ ಮೇಲೂ ಓಡಾಡೋ ಹಾಗಿಲ್ಲ ಅಂದ್ರೆ ಮುಚ್ಚೋದಾದರೂ ಯಾಕೆ?" ಅಂದರು ಹೆಂಡತಿ. ಹೇಳುವಾಗ ಆಕೆಯ ಕಣ್ಣು ತುಂಬಿತ್ತು. ಅದನ್ನು ನೋಡಿದ ಮೇಲೆ ಸಾಹೇಬರಿಗೆ ನಿಯಮ ಗಿಯಮ ಎಲ್ಲ ಬಾಯಲ್ಲೇ ಕರಗಿತು.

ಬಾಡಿಗೆ ಕಾರು ಕರೆಸಿದರು. ಡಾಂಬರಿನ ಮೇಲೆ ಹಲಗೆ ಹಾಕಿ, ಸಾಹೇಬರು ಕೇಕಿನ ಡಬ್ಬವನ್ನು ಎದೆಗವಚಿಕೊಂಡು ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ದಾಟಿದರು. ಕೇಕಿನ ಮೇಲಿನ ಕ್ರೀಮಿನ ಒಂದು ಹೂವೂ ಅಲುಗಲಿಲ್ಲ. ಹಿಂದಿನ ಸೀಟಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, "ಇನ್ನು ಚಿಂತೆ ಬಿಡು, ಇಲ್ಲಿಂದ ಶಾಲೆವರೆಗೆ ಒಂದೇ ಒಂದು ಗುಂಡಿ ಉಳಿಸಿಲ್ಲ ನಾನು," ಅಂದರು.

ಮಾತು ಮುಗಿಯುವ ಮುಂಚೆ ಕಾರು ಧಡಕ್ಕಂತ ಇಳಿದು ಎದ್ದಿತು. ಡಬ್ಬದೊಳಗೆ ಏನೋ ಜರುಗಿತು.

"ಗುಂಡಿ ಸಾರ್," ಅಂದ ಡ್ರೈವರ್.

"ಗುಂಡಿಯಲ್ಲಪ್ಪಾ, ತಗ್ಗು. ನಾನೇ ಅಳೆದಿದ್ದೀನಿ," ಅಂದರು ಸಾಹೇಬರು, ಅಭ್ಯಾಸಬಲದಿಂದ. ಮುಂದಿನ ಸೀಟಿನಿಂದ ಹೆಂಡತಿ ನಿಧಾನವಾಗಿ ತಿರುಗಿ ನೋಡಿದರು. ಸಾಹೇಬರು ಕಿಟಕಿಯ ಆಚೆ ನೋಡಿದರು.

ಔಷಧಿ ಅಂಗಡಿಯ ಮುಂದೆ ಇನ್ನೊಂದು. ಅಂಚೆ ಕಚೇರಿಯ ತಿರುವಿನಲ್ಲಿ ಅದರ ತಮ್ಮ. ಒಂದೊಂದೂ ಸಾಹೇಬರು ಕೈಯಾರೆ ಅಳೆದು, ಕೈಯಾರೆ ಬಿಟ್ಟು ಬಂದಿದ್ದವು. ಕಾಲಿನ ಕೆಳಗೆ ಇದ್ದಾಗ ಇಷ್ಟೇ ತಾನೆ ಅನ್ನಿಸಿದ್ದವು, ತೊಡೆಯ ಮೇಲೆ ಹೆಂಡತಿಯ ಕೇಕು ಇಟ್ಟುಕೊಂಡಾಗ ಬಾವಿಯಾಗಿದ್ದವು. "ನಿಧಾನ ಓಡಿಸಪ್ಪಾ," ಅಂತ ಗೋಗರೆದರು. "ಇದಕ್ಕಿಂತ ನಿಧಾನ ಅಂದ್ರೆ ಇಳಿದು ತಳ್ಳಬೇಕು ಸಾರ್," ಅಂದ ಅವನು.

ಶಾಲೆಯ ಸಭಾಂಗಣದಲ್ಲಿ ಟೀಚರುಗಳೆಲ್ಲ ಮೇಜಿನ ಸುತ್ತ ನೆರೆದಿದ್ದರು. ಹೆಂಡತಿ ಡಬ್ಬ ತೆಗೆದರು. ಮೂರು ಅಂತಸ್ತು ಹೋಗಿ ಒಂದೂವರೆ ಆಗಿತ್ತು. ಕರಿ ಚಾಕೊಲೇಟು ನಡುವೆ ಬಾಯಿಬಿಟ್ಟಿತ್ತು, ಅಲ್ಲಲ್ಲಿ ಕುಸಿದು ಹಳ್ಳ ಬಿದ್ದಿತ್ತು, ಅಂಚೆಲ್ಲ ಕಿತ್ತುಬಂದಿತ್ತು. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು ಸಾಹೇಬರಿಗೆ.

ಹೆಡ್ ಮೇಡಂ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಇದು ಯಾವ ಮಾದರಿಯಮ್ಮಾ?"

ಹೆಂಡತಿ ಒಮ್ಮೆ ಕೇಕನ್ನು ನೋಡಿದರು, ಒಮ್ಮೆ ಗಂಡನನ್ನು ನೋಡಿದರು.

"ನಮ್ಮೂರ ರಸ್ತೆ ಮೇಡಂ. ಇಷ್ಟು ವರ್ಷ ಓಡಾಡಿದ್ದೀರಲ್ಲ, ನೆನಪಿಗಿರಲಿ ಅಂತ. ವಿನ್ಯಾಸವೆಲ್ಲ ನಮ್ಮ ಮನೆಯವರದು."

ಸಭಾಂಗಣದ ಹೆಂಚು ಹಾರುವಂಥ ನಗು. "ಅಯ್ಯೋ, ನಮ್ಮ ಮನೆ ಮುಂದಿನದೂ ಇದೆ ನೋಡ್ರೀ," ಅಂತ ಒಬ್ಬರು ಹಳ್ಳ ತೋರಿಸಿದರು. ಡ್ರಿಲ್ ಮಾಸ್ತರು ತಾವು ಕಾಲು ಉಳುಕಿಸಿಕೊಂಡ ಜಾಗ ಹುಡುಕಿದರು. ಇಷ್ಟು ತದ್ರೂಪು ಕೆಲಸ ಬೇಕರಿಯವನ ಕೈಲಿ ಆಗೋದುಂಟೇ ಅಂತ ಹೇಳಿ, ಟೀಚರುಗಳೆಲ್ಲ ಸೇರಿ ಶಾಲೆಯ ವಾರ್ಷಿಕೋತ್ಸವದ ಕೇಕನ್ನೂ ಆಕೆಗೇ ಒಪ್ಪಿಸಿದರು.

ಹೆಡ್ ಮೇಡಂ ಕಣ್ಣೊರೆಸಿಕೊಂಡು, ಚಾಕುವನ್ನು ಸಾಹೇಬರ ಕಡೆ ಚಾಚಿದರು.

"ಬನ್ನಿ ಸಾಹೇಬ್ರೇ, ನೀವೇ ಕತ್ತರಿಸಿ. ರಸ್ತೆ ಅಗೆಯೋದು ನಿಮಗೇನು ಹೊಸದಲ್ಲವಲ್ಲ."