ಸಿಪಾಯಿ ತಾತನ ಕುಂಟುಕಾಲು

ಒಂದು ಜನ್ಮಕ್ಕೆ ಇಷ್ಟು ನಾಚಿಕೆ ಅಂತ ರೇಷನ್ ಅಂಗಡಿಯ ಅಕ್ಕಿಯ ಹಾಗೆ ಅಳೆದು ಕೊಟ್ಟಿರುತ್ತಾರೆ ಎಂದು ನಾನು ನಂಬಿದ್ದೆ. ಅದು ನಿಜವಾಗಿದ್ದರೆ ನನ್ನ ಪಾಲಿನದು ಆ ಲೈಬ್ರರಿಯಲ್ಲಿ ಕೆಲಸಕ್ಕಿದ್ದಾಗಲೇ ಖಾಲಿಯಾಗಬೇಕಿತ್ತು. ಆಗಲಿಲ್ಲ. ಇವತ್ತಿಗೂ ಯಾರಾದರೂ ರೊಟ್ಟಿ ಬಡಿಸಿದರೆ ನನ್ನ ಕಿವಿ ಬಿಸಿಯಾಗುತ್ತದೆ.

ಅದು ಡಾಟ್ ಕಾಮ್ ಕಾಲ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕಂಡಕಂಡವರೆಲ್ಲ ಕಂಪನಿ ತೆಗೆಯುತ್ತಿದ್ದರು. ನಾನು ಮಾತ್ರ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿಗೆ ಹತ್ತಿರವೇ ಇದ್ದ ಒಂದು ಸಣ್ಣ ಊರಿನ ಲೈಬ್ರರಿಯಲ್ಲಿ, ಊರಿನ ಇತಿಹಾಸದ ಕೋಣೆಯಲ್ಲಿ ಪಾರ್ಟ್ ಟೈಮ್ ಕೆಲಸಕ್ಕೆ ಸೇರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಉತ್ತರದವರಿಗೂ ದಕ್ಷಿಣದವರಿಗೂ ಅಂತರ್ಯುದ್ಧ ಆಯಿತಲ್ಲ, ಆಗ ಈ ಊರಿನಿಂದ ಸೇನೆಗೆ ಹೋದವರು ಯಾರು, ಅವರ ಸಮಾಧಿ ಎಲ್ಲಿದೆ, ಮೊಮ್ಮಕ್ಕಳು ಮರಿಮಕ್ಕಳು ಎಲ್ಲಿದ್ದಾರೆ ಎಂದು ಹುಡುಕುವುದು ನನ್ನ ಕೆಲಸ.

"ಊರೆಲ್ಲ ಮುಂದಕ್ಕೆ ಓಡ್ತದ, ನೀ ಒಬ್ಬಾಕಿ ಹಿಂದಕ್ಕ ಹೊಂಟೀ" ಎಂದು ನಮ್ಮವರು ನಕ್ಕರು. ಅವರು ಧಾರವಾಡದವರು, ನಾನು ಬೆಂಗಳೂರಿನವಳು. ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ನಗಲಿಲ್ಲ. ಕೆಲಸದ ವಿಷಯ ಪೂರ್ತಿ ಕೇಳಿಸಿಕೊಂಡು, "ಅಣ್ಣತಮ್ಮರು ಬಡಿದಾಡಿದ್ರು ಅಂದೀ. ಹೊಲದ ಸಲುವಾಗೇನು?" ಎಂದರು.

"ಅಲ್ಲ ಅತ್ತೆ, ಗುಲಾಮರನ್ನ ಇಟ್ಕೋಬಹುದಾ ಬೇಡವಾ ಅಂತ."

"ಮತ್ತ ಹೊಲದ ಸಲುವಾಗೇ ಆತಲ್ಲವಾ. ಗುಲಾಮರನ್ನ ಇಟ್ಕೊಂಡವರು ಅವರ ಕಡೆ ಏನು, ಹಾಡು ಹಾಡಸ್ತಿದ್ರೇನು?"

ಊಟದ ಹೊತ್ತಿನ ಫೋನು

ಹುಡುಕುತ್ತಾ ಹೋದಾಗ ಒಬ್ಬ ಸಿಪಾಯಿಯ ಸಮಾಧಿಗೆ ಕಲ್ಲೇ ಇಲ್ಲ ಎಂದು ಗೊತ್ತಾಯಿತು. ಯಾವತ್ತೋ ಇಟ್ಟಿದ್ದ ಮರದ ಹಲಗೆ ಮಣ್ಣಾಗಿಹೋಗಿತ್ತು. ಆತ ಸೇನೆಯಲ್ಲಿದ್ದ ಎಂದು ರುಜುವಾತು ಸಿಕ್ಕಿ, ಮನೆಯವರು ಒಪ್ಪಿದರೆ ಸರ್ಕಾರವೇ ಕಲ್ಲು ಕೊಡುತ್ತದೆ. ಮನೆಯವರು ಗಿಲ್‌ರಾಯ್ ಎಂಬ ಊರಿನಲ್ಲಿದ್ದಾರೆ ಎಂದು ಪತ್ತೆಮಾಡಿ ಸಂಜೆ ಫೋನ್ ಮಾಡಿದೆ.

ಆ ಕಾಲದಲ್ಲಿ ಊಟದ ಹೊತ್ತಿಗೆ ಫೋನ್ ಬಂದರೆ, 'ನಿಮ್ಮ ಲಾಂಗ್ ಡಿಸ್ಟೆನ್ಸ್ ಫೋನ್ ಕಂಪನಿ ಬದಲಾಯಿಸಿ' ಎಂದು ಪೀಡಿಸುವವರದೇ ಆಗಿರುತ್ತಿತ್ತು. ಅದರ ಮೇಲೆ ನನ್ನ ಉಚ್ಚಾರಣೆ ಬೇರೆ. ಒಬ್ಬ ಗಂಡಸು ಎತ್ತಿದ. ನಾನು ನಮಸ್ಕಾರ ಹೇಳುವಷ್ಟರಲ್ಲೇ "ಬೇಡ" ಎಂದ.

"ಸರ್, ನಾನು ಮಾರೋಕೆ ಫೋನ್ ಮಾಡಿಲ್ಲ. ನಿಮ್ಮ ಮುತ್ತಾತನ ವಿಷಯ ಮಾತಾಡಬೇಕಿತ್ತು" ಎಂದೆ.

ಆತ ಸ್ವಲ್ಪ ಹೊತ್ತು ಯೋಚಿಸಿದ. "ಅವರಿಗೂ ಬೇಡ. ಈಗಿರೋ ಕಂಪನಿಯಲ್ಲೇ ಆರಾಮಾಗಿದ್ದಾರೆ" ಎಂದು ಇಟ್ಟುಬಿಟ್ಟ.

ಫೋನಿನಲ್ಲಿ ಉಳಿದಿದ್ದ ನಂಬರು ಹಿಡಿದು ಮಾರನೆಯ ದಿನ ಆತನ ತಾಯಿಯೇ ಲೈಬ್ರರಿಗೆ ಫೋನ್ ಮಾಡಿದರು. ತೊಂಬತ್ತರ ಹತ್ತಿರದ ಅಜ್ಜಿ. ಸಿಪಾಯಿ ಅವರಿಗೆ ಸ್ವಂತ ತಾತ. "ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಜೋಳದ ರೊಟ್ಟಿ ಮುರಿದು ತಿನ್ನಿಸ್ತಿದ್ದ. ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕುಂಟುತ್ತಿದ್ದ ಅಂತ ಮನೇಲಿ ಎಲ್ಲರೂ ಹೇಳ್ತಾರೆ. ಕಲ್ಲು ನಿಂತಿದ್ದು ನೋಡಿಯೇ ನಾನು ಹೋಗಬೇಕು. ಸ್ವಲ್ಪ ಬೇಗ ಮಾಡಮ್ಮ" ಎಂದರು.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಜ್ವಾಳದ ರೊಟ್ಟಿ ತಿಂತಿದ್ನಂತ? ಹಂಗಾರ ಅಂವ ನಮ್ಮಾಂವನ." ಅದು ಮೆಕ್ಕೆಜೋಳ, ಅದರಲ್ಲಿ ಸಕ್ಕರೆ ಮೊಟ್ಟೆ ಎಲ್ಲ ಹಾಕುತ್ತಾರೆ ಎಂದು ತಿದ್ದುವ ಧೈರ್ಯ ನನಗಾಗಲಿಲ್ಲ.

ಕುಂಟುಕಾಲಿನ ಮಾತು ಬಂದದ್ದೇ ನಮ್ಮವರಿಗೆ ಹುರುಪು ಬಂತು. ತೀರಿಹೋದ ನಮ್ಮ ಮಾವನ ಮೊಣಕಾಲ ಕೆಳಗೂ ಒಂದು ದೊಡ್ಡ ಗಾಯದ ಗುರುತಿತ್ತು. ದಾಂಡೇಲಿ ಕಾಡಿನಲ್ಲಿ ಹುಲಿ ಎಳೆದದ್ದು. ಈ ಕಥೆಯನ್ನು ನಮ್ಮವರು ಮದುವೆಗೆ ಮೊದಲು ನನಗೆ, ಆಮೇಲೆ ನಮ್ಮಪ್ಪನಿಗೆ, ಆಫೀಸಿನಲ್ಲಿ ಮ್ಯಾನೇಜರಿಗೆ ಕೂಡ ಹೇಳಿದ್ದರು. ಮತ್ತೊಮ್ಮೆ ಶುರುಮಾಡಿದರು. ಅತ್ತೆ ಮಜ್ಜಿಗೆ ತರುತ್ತೇನೆಂದು ಎದ್ದುಹೋದರು. ಮಜ್ಜಿಗೆ ಮೇಜಿನ ಮೇಲೆಯೇ ಇತ್ತು.

ಸ್ನಾನ

ಸಮಾಧಿ ಇರುವ ಜಾಗ ಗುರುತು ಮಾಡಲು ಸ್ಮಶಾನಕ್ಕೆ ಹೋಗಿಬಂದೆ. ಬಾಗಿಲು ತೆಗೆದ ಅತ್ತೆ ಅಲ್ಲೇ ಕೈ ಅಡ್ಡ ಹಿಡಿದರು.

"ಎಲ್ಲಿಗೆ ಹೋಗಿದ್ದಿ?"

"ಸ್ಮಶಾನಕ್ಕೆ. ಆಫೀಸಿನ ಕೆಲಸ ಅತ್ತೆ."

"ಯಾರ ಕೆಲಸಾದ್ರೂ ಸ್ಮಶಾನ ಸ್ಮಶಾನನ. ದೇವರ ಮುಂದ ದೀಪ ಹಚ್ಚೇನಿ. ಒಳಗ ಕಾಲಿಡಬ್ಯಾಡ."

ಬಚ್ಚಲುಮನೆಗೆ ಹೋಗಬೇಕಾದರೂ ದೇವರ ಮುಂದೆಯೇ ಹಾಯಬೇಕು. ನಮ್ಮದು ನೆಲದ ಮಟ್ಟದ ಮನೆ, ಹಿಂದೆ ಒಂದು ಸಣ್ಣ ಅಂಗಳ. ಹೊರಗಿನಿಂದಲೇ ಸುತ್ತಿ ಅಲ್ಲಿಗೆ ಹೋದೆ. ಅತ್ತೆ ಒಳಗಿನಿಂದ ಬಿಸಿನೀರು ಬಕೆಟ್ಟಿನಲ್ಲಿ ತಂದು, ಹಾಕಿಕೊಂಡ ಚೂಡಿದಾರದ ಸಮೇತ ನನ್ನ ತಲೆಯ ಮೇಲೆ ಚೊಂಬಿನಿಂದ ಹುಯ್ಯತೊಡಗಿದರು. ಕಣ್ಣು ಬಿಟ್ಟಾಗ ಪಕ್ಕದ ಮನೆಯ ಹೆಂಗಸು ನಾಯಿ ಹಿಡಿದುಕೊಂಡು ಬೇಲಿಯಾಚೆ ನಿಂತಿದ್ದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ಮಾತ್ರ ಬಹಳ ಮೆಚ್ಚಿಕೆಯಿಂದ ನೋಡುತ್ತಿದ್ದಳು.

"ನಾವೂ ಇವನಿಗೆ ಹೊರಗಡೆಯೇ ಸ್ನಾನ ಮಾಡಿಸೋದು. ಇಲ್ಲದಿದ್ದರೆ ಕಾರ್ಪೆಟ್ ಹಾಳು" ಎಂದು ನಾಯಿಯ ಕಡೆ ತೋರಿಸಿದಳು. "ಆದರೆ ಇವನು ನಿನ್ನಷ್ಟು ಸುಮ್ಮನೆ ನಿಲ್ಲಲ್ಲ."

ಹದಿನೆಂಟರಿಂದ ಮೂವತ್ತು

ಒಂದು ದಿನ ಲೈಬ್ರರಿಗೆ ಹೊಸ ಕಂಪನಿಯ ಮಾಲೀಕ ಬಂದ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ನಿಮ್ಮ ಸಿಪಾಯಿಗಳನ್ನೆಲ್ಲ ನಮ್ಮ ವೆಬ್‌ಸೈಟಿಗೆ ಹಾಕುತ್ತೇವೆ ಎಂದ. ನನಗೋ ಹಿಗ್ಗು. ನನ್ನ ಸಿಪಾಯಿಗಳು ಇಂಟರ್ನೆಟ್ಟಿಗೆ ಬರುತ್ತಾರೆ ಎಂದು ಗುರುತಿನ ಕನ್ನಡದವರಿಗೆಲ್ಲ ಫೋನ್ ಮಾಡಿ ಹೇಳಿಕೊಂಡೆ.

ಎರಡನೇ ಮೀಟಿಂಗಿನಲ್ಲಿ ಆತ ಕೇಳಿದ. "ಇವರ ವಯಸ್ಸು ಎಷ್ಟು? ನಮ್ಮ ಇನ್ವೆಸ್ಟರ್‌ಗಳಿಗೆ ಹದಿನೆಂಟರಿಂದ ಮೂವತ್ತರ ಒಳಗಿನವರೇ ಬೇಕು."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು, "ಸೇನೆಗೆ ಸೇರಿದಾಗ ಎಲ್ಲರಿಗೂ ಅಷ್ಟೇ ವಯಸ್ಸು" ಎಂದೆ.

"ವಂಡರ್‌ಫುಲ್" ಎಂದು ಬರೆದುಕೊಂಡ.

ಹೋಗುವಾಗ ಕಂಪನಿಯ ಹೆಸರು ಅಚ್ಚಾದ ಬಟ್ಟೆ ಚೀಲ ಕೊಟ್ಟುಹೋದ. ಕಂಪನಿ ಸ್ವಲ್ಪ ದಿನದಲ್ಲೇ ಮುಚ್ಚಿತು, ಸಿಪಾಯಿಗಳು ಎಲ್ಲಿಗೂ ಬರಲಿಲ್ಲ. ನಾನು ಫೋನ್ ಮಾಡಿ ಯಾರಿಗೆಲ್ಲ ಹೇಳಿದ್ದೆನೋ ಅವರು ಸಿಕ್ಕಾಗಲೆಲ್ಲ ವೆಬ್‌ಸೈಟಿನ ವಿಳಾಸ ಕೇಳುತ್ತಿದ್ದರು. ಚೀಲ ಮಾತ್ರ ಗಟ್ಟಿಯಾಗಿತ್ತು. ಅತ್ತೆ ಅದನ್ನು ತರಕಾರಿಗೆ ಇಟ್ಟುಕೊಂಡರು.

ಎದುರಾಳಿ

ಕೊನೆಗೂ ಸಿಪಾಯಿ ತಾತನ ರುಜುವಾತು ಬಂತು. ಓದಿದ ನನ್ನ ಬಾಸ್, ಅರವತ್ತು ದಾಟಿದ ಹೆಂಗಸು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

ಕ್ಯಾಲಿಫೋರ್ನಿಯಾದಲ್ಲಿ ಸೇನೆಗೆ ಸೇರಿದ ಬಹಳ ಜನ ಆ ದೊಡ್ಡ ಕಾಳಗಗಳನ್ನು ನೋಡಲೇ ಇಲ್ಲ. ಅವು ನಡೆದದ್ದು ದೇಶದ ಆ ಕಡೆ. ಇವರು ಇಲ್ಲಿಯ ಕೋಟೆಗಳನ್ನು ಕಾಯುತ್ತಾ ಕೂತಿದ್ದರು. ನಮ್ಮ ತಾತನೂ ಈ ಕೊಲ್ಲಿಯ ದಡದ ಒಂದು ಕೋಟೆಯಲ್ಲೇ ಇದ್ದ. ಆತ ಸೇನೆಯಲ್ಲಿದ್ದ ಅನ್ನುವುದಕ್ಕೆ ಸಿಕ್ಕಿದ್ದು ಒಂದೇ ಒಂದು ಸಾಕ್ಷಿ, ಮಿಲಿಟರಿ ಆಸ್ಪತ್ರೆಯ ಒಂದು ಸಾಲು. ಸಾಮಾನು ಇಳಿಸುವಾಗ ಹೇಸರಗತ್ತೆ ಒದ್ದು ಮೊಣಕಾಲು ಮುರಿದಿದೆ ಎಂದು ಅದರಲ್ಲಿತ್ತು. ಇಡೀ ಯುದ್ಧದಲ್ಲಿ ಆತ ಎದುರಾಳಿ ಅಂತ ಕಂಡದ್ದು ಅದೊಂದನ್ನೇ.

ಹೇಸರಗತ್ತೆ ಇಲ್ಲದಿದ್ದರೆ ಕಲ್ಲಿಲ್ಲ. ಹೇಸರಗತ್ತೆ ಇದ್ದರೆ ಫಿರಂಗಿ ಇಲ್ಲ. "ಸರ್ಕಾರಕ್ಕೆ ನಾನು ಕಳಿಸ್ತೀನಿ. ಮನೆಯವರಿಗೆ ನೀನು ಹೇಳು. ಹುಡುಕಿದವಳು ನೀನೇ ತಾನೇ?" ಎಂದು ಬಾಸ್ ಜಾರಿಕೊಂಡರು.

ಫೋನ್ ಮಾಡಿದೆ. ಕಲ್ಲು ಸಿಗುತ್ತದೆ ಎಂದ ಕೂಡಲೇ ಅಜ್ಜಿ ಅತ್ತುಬಿಟ್ಟರು. ಮಗ ಆಗಲೇ ಗಿಲ್‌ರಾಯ್ ತುಂಬಾ ಹೇಳಿಕೊಂಡು ಬಂದಿದ್ದಾನಂತೆ, ಕಲ್ಲು ನಿಲ್ಲಿಸುವ ದಿನ ಫಿರಂಗಿಯ ಕಥೆ ಕೇಳಲು ಅವನ ಗೆಳೆಯರೆಲ್ಲ ಬರುತ್ತಾರಂತೆ.

"ಗಾಯದ ವಿಷಯ ಏನಾದರೂ ಸಿಕ್ತಾ?" ಎಂದು ಅಜ್ಜಿಯೇ ಕೇಳಿದರು.

"ಕರ್ತವ್ಯದಲ್ಲಿದ್ದಾಗ ಆದ ಗಾಯ ಮೇಡಂ" ಎಂದೆ. ಸುಳ್ಳೇನಲ್ಲ. ಹೇಸರಗತ್ತೆಯೂ ಕರ್ತವ್ಯದಲ್ಲೇ ಇತ್ತು.

ಆ ಕಡೆ ಅಜ್ಜಿ ಒಮ್ಮೆ ಕೆಮ್ಮಿದರು. "ಮಾಡಿದ್ದು ಯಾರು ಅಂತ ಬರೆದಿದ್ದಾರಾ?"

"ಹೆಸರು ಬರೆದಿಲ್ಲ ಮೇಡಂ."

ಎಡೆ

ಮೇ ತಿಂಗಳ ಕೊನೆಗೆ, ಸಿಪಾಯಿಗಳನ್ನು ನೆನೆಯುವ ದಿನ, ಕಲ್ಲು ನಿಂತಿತು. ಆ ಯುದ್ಧದ ಕಾಲದ ನೀಲಿ ಸಮವಸ್ತ್ರ ತೊಟ್ಟು ಸಿಪಾಯಿಗಳ ವೇಷ ಕಟ್ಟುವ ಹವ್ಯಾಸಿಗಳು ಬಂದೂಕು ಹಿಡಿದು ಸಾಲಾಗಿ ನಿಂತಿದ್ದರು. ಅಜ್ಜಿ ವೀಲ್‌ಚೇರಿನಲ್ಲಿ, ಮಗ ಪಕ್ಕದಲ್ಲಿ. ನಮ್ಮವರೂ ಬಂದಿದ್ದರು. ಅತ್ತೆ ಕೂಡ ಬಂದೇ ಬರುತ್ತೇನೆ ಎಂದು ಇಳಕಲ್ ಸೀರೆ ಉಟ್ಟು, ಆ ಬಟ್ಟೆ ಚೀಲ ಹಿಡಿದು ಬಂದಿದ್ದರು. ನೀರಿನ ಬಾಟಲಿ ಇರಬೇಕು ಎಂದುಕೊಂಡಿದ್ದೆ.

ನಾನು ಬರೆದುಕೊಂಡಿದ್ದನ್ನು ಓದಿದೆ. "ಕರ್ತವ್ಯದಲ್ಲಿದ್ದಾಗ ಗಾಯಗೊಂಡ ವೀರ" ಎನ್ನುವಾಗ ಬಾಸ್ ಆಕಾಶ ನೋಡಿದರು. ಆಮೇಲೆ ಮಗ ಮೈಕ್ ಹಿಡಿದು ಫಿರಂಗಿ ಸಿಡಿಸಿದ. ಹೊಗೆ, ಕುದುರೆ, ನೆತ್ತರು ಎಲ್ಲ ಬಂತು. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತೆ.

ತಲೆ ಎತ್ತಿದರೆ ಅತ್ತೆ ಕಲ್ಲಿನ ಮುಂದೆ ಕೂತಿದ್ದಾರೆ. ಚೀಲದಿಂದ ಬಾಳೆಲೆ ಬಂತು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು ಬಂದವು.

"ಅತ್ತೆ, ಬೇಡ, ನಿಮ್ಮ ದಮ್ಮಯ್ಯ" ಎಂದೆ.

"ಸುಮ್ಕಿರು. ಇಷ್ಟು ವರ್ಷ ಉಪಾಸ ಅದಾನ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೇಳಲೇಬೇಕಾಯಿತು. ನಮ್ಮ ಕಡೆ ಸತ್ತವರಿಗೆ ಎಡೆ ಇಡುತ್ತೇವೆ, ಕಾಗೆ ಬಂದು ಮುಟ್ಟಿದರೆ ಅವರು ತೃಪ್ತರಾದರು ಅಂತ. ಮುಟ್ಟದಿದ್ದರೆ ಮನಸ್ಸಿನಲ್ಲಿ ಏನೋ ಉಳಿದಿದೆ ಅಂತ. ಆಗ ಮನೆಯವರು ಒಂದೊಂದೇ ಮಾತು ಕೊಡಬೇಕು. ಇವರೆಲ್ಲ ನಗಲಿ, ಅಲ್ಲಿಗೆ ಮುಗಿಯಲಿ ಎಂದು ಕಾದೆ. ಯಾರೂ ನಗಲಿಲ್ಲ. ಎಲ್ಲರೂ ತಿರುಗಿ ಮರದ ಕಡೆ ನೋಡಿದರು. ಅಲ್ಲಿ ಒಂದು ಕಾಗೆ ಕೂತಿತ್ತು.

ಕಾಗೆ ಎಲೆ ನೋಡಿತು. ಬರಲಿಲ್ಲ.

ಮಗ ಟೋಪಿ ತೆಗೆದು ಮುಂದೆ ಬಂದ. "ವರ್ಷ ವರ್ಷ ಹೂವು ತರ್ತೀನಿ" ಎಂದು ಮರಕ್ಕೆ ಹೇಳಿದ. ಕಾಗೆ ಬೇರೆ ಕಡೆ ತಿರುಗಿತು. "ನಿನ್ನ ಗಡಿಯಾರ ಮಾರೋದಿಲ್ಲ" ಎಂದ. ಕಾಗೆ ರೆಕ್ಕೆ ಕೆರೆದುಕೊಂಡಿತು. ನೀಲಿ ಸಮವಸ್ತ್ರದ ಕ್ಯಾಪ್ಟನ್ನು, ಗೌರವಕ್ಕೆ ಗುಂಡು ಹಾರಿಸಲೇ ಎಂದ. "ಕಾಗೆ ಓಡಿಹೋಗುತ್ತೆ" ಎಂದು ಬಾಸ್ ಗದರಿದರು.

ಅತ್ತೆ ನನ್ನ ಕಡೆ ತಿರುಗಿದರು. "ಏನೋ ಮುಚ್ಚಿಟ್ಟಾರ ಇವರು. ಕೇಳು."

ಇದೊಂದನ್ನು ಇಂಗ್ಲಿಷಿಗೆ ತರಬಾರದು ಎಂದು ಸುಮ್ಮನಿದ್ದೆ. ಅಜ್ಜಿ ಬಿಡಲಿಲ್ಲ. "ಏನಂದ್ರು ಅವರು?"

"ಏನಾದರೂ ಮುಚ್ಚಿಟ್ಟಿದ್ದೀರಾ ಅಂತ" ಎಂದೆ. ನನ್ನ ಮುಖ ಸುಡುತ್ತಿತ್ತು. ಇನ್ನು ತಡೆಯಲಾರೆ, ಹೇಳಿಯೇಬಿಡುತ್ತೇನೆ ಎಂದು ಬಾಯಿ ತೆಗೆದೆ.

ಅಷ್ಟರಲ್ಲಿ ಅಜ್ಜಿ ವೀಲ್‌ಚೇರನ್ನು ತಾವೇ ಮುಂದೆ ತಳ್ಳಿಕೊಂಡು, ಮರದ ಕಡೆ ಮುಖ ಮಾಡಿ ಕೂಗಿದರು. "ಆಯ್ತು ತಾತ, ಹೇಳ್ತೀನಿ! ಫಿರಂಗಿ ಅಲ್ಲ! ಹೇಸರಗತ್ತೆ!"

ಕಾಗೆ ಇಳಿದು ಬಂತು. ಇಡೀ ರೊಟ್ಟಿಯನ್ನೇ ಕಚ್ಚಿಕೊಂಡು ಹಾರಿಹೋಯಿತು.

"ನಿಮಗೆ ಗೊತ್ತಿತ್ತಾ?" ಎಂದೆ.

"ತಾತನ ಹೆಂಡತಿ, ನನ್ನಜ್ಜಿ, ಹೇಳಿದ್ದಳು. ಇವನು ಅಷ್ಟು ಹೆಮ್ಮೆಯಿಂದ ಹೇಳ್ಕೊಂಡು ತಿರುಗ್ತಾನೆ, ನಾಚಿಕೆ ಆಗುತ್ತಲ್ಲ ಪಾಪ ಅಂತ ಸುಮ್ಮನಿದ್ದೆ" ಎಂದರು ಅಜ್ಜಿ. "ಆದರೆ ನೀನು ಫೋನಿನಲ್ಲಿ ಹೆಸರು ಬರೆದಿಲ್ಲ ಅಂದೆ ನೋಡು, ಅವತ್ತು ನಗು ತಡೆಯೋಕೆ ಸಾಕುಸಾಕಾಯ್ತು."

ಮಗ ಇನ್ನೂ ಮೈಕ್ ಹಿಡಿದೇ ನಿಂತಿದ್ದ. ಆ ಸ್ಮಶಾನದಲ್ಲಿ ನನ್ನಷ್ಟೇ ಕೆಂಪಗಾದ ಮುಖ ಅವನದೊಂದೇ. ಅಯ್ಯೋ ಪಾಪ ಅನ್ನಿಸಿತು.

ಏನಾಯಿತು ಎಂದು ಅತ್ತೆ ಕೇಳಿದರು. ಎಲ್ಲ ಬಿಡಿಸಿ ಹೇಳಿದೆ.

"ಇಷ್ಟಕ್ಕ ಇಷ್ಟು ನಾಚಿಗ್ಯಾಕ?" ಎಂದರು ಅತ್ತೆ, ಎಲೆ ಮಡಿಸುತ್ತಾ. "ನಿಮ್ಮ ಮಾವಗ ಎಮ್ಮಿ ಒದ್ದಿತ್ತು. ಅವರು ಸಾಯೋತನಕ ಹುಲಿ ಅಂತ ಹೇಳಿಕೋತ ತಿರಗ್ಯಾಡಲಿಲ್ಲೇನು?"

ಪಕ್ಕದಲ್ಲಿದ್ದ ನಮ್ಮವರು ಬೆಚ್ಚಿಬಿದ್ದರು. "ಅವ್ವಾ! ಹುಲಿ ಅಲ್ಲೇನು?"

"ಎಲ್ಲೀ ಹುಲಿಯೋ? ನಿಮ್ಮಪ್ಪನ ಎಡಿಗೂ ಕಾಗಿ ಬರಲಿಲ್ಲ, ನೆನಪೈತಿಲ್ಲೋ? ನೀ ಮನಿ ಕಟ್ಟಸ್ತೀನಿ ಅಂದಿ, ತಂಗಿನ್ನ ಛಂದ ನೋಡಕೋತೀನಿ ಅಂದಿ, ಕುಡಿಯೋದು ಬಿಡ್ತೀನಿ ಅಂದಿ. ಅದು ಹಂಗ ಕೂತಿತ್ತು. ಕಡೀಕ ನಾ ಗಿಡದ ಬುಡಕ್ಕ ಹೋಗಿ, ಯಾರಿಗೂ ಕೇಳಿಸಧಂಗ 'ಎಮ್ಮಿ' ಅಂದೆ. ತಟ್ಟನ ಬಂತು."