ಮಾವನ ಕರುಳು ಮತ್ತು ಜಾಗತಿಕ ಮಾರುಕಟ್ಟೆ

ನಾನು ನಿಂತಿದ್ದದ್ದು ಅರಿಶಿನಕುಂಟೆಯ ಹತ್ತಿರ, ಹೆದ್ದಾರಿ ಬದಿಯ ಒಂದು ಛತ್ರದ ಹಿಂಭಾಗದ ಪ್ಯಾಸೇಜಿನಲ್ಲಿ. ಬಲಕ್ಕೆ ಮದುಮಗಳ ಕೋಣೆ, ಎಡಕ್ಕೆ ಕೈ ತೊಳೆಯುವ ನಲ್ಲಿಗಳು, ಎದುರಿಗೆ ಟಾಯ್ಲೆಟ್ಟಿನ ಬಾಗಿಲು. ನಾಲ್ಕು ವರ್ಷದ ಹಿಂದಿನ ವೈಶಾಖ. ನನ್ನ ತಂಗಿ ಸುಮಿತ್ರಳ ಧಾರೆಗೆ ಇನ್ನು ಕಾಲು ಗಂಟೆಯಿತ್ತು. ನನ್ನ ಕೈಯಲ್ಲಿ ತೆಂಗಿನಕಾಯಿ ತಟ್ಟೆಯಿತ್ತು. ಇಷ್ಟು ನಿಖರವಾಗಿ ಯಾಕೆ ಹೇಳುತ್ತಿದ್ದೇನೆಂದರೆ, ಅಲ್ಲಿ ನಡೆದದ್ದನ್ನು ಗಂಡಿನ ಕಡೆಯವರು ಬೇರೆಯೇ ರೀತಿ ಹೇಳಿಕೊಂಡು ನಕ್ಕರು. ನಗಲಿ. ನಮ್ಮ ಸೋದರಮಾವನ ವಿಷಯದಲ್ಲಿ ನಗದೆ ಇರುವುದು ಯಾರಿಂದ ತಾನೇ ಸಾಧ್ಯ? ಆದರೆ ನಾನು ಕಂಡದ್ದು ಬೇರೆ.

ಜನ ಮದುವೆಗೆ ಹೋದರೆ ಒಡವೆ ನೋಡುತ್ತಾರೆ, ಗೃಹಪ್ರವೇಶಕ್ಕೆ ಹೋದರೆ ನಡುಮನೆ, ಅಡುಗೆಮನೆ ನೋಡುತ್ತಾರೆ. ನಮ್ಮ ಮಾವ ಎಲ್ಲಿಗೆ ಹೋದರೂ ಮೊದಲು ಬಾತ್‌ರೂಮು ನೋಡುತ್ತಿದ್ದರು! ನೋಡಿ ಸುಮ್ಮನಿರುವವರೂ ಅಲ್ಲ. ಹೊರಗೆ ಬಂದು, ಎಲೆಯ ಮುಂದೆ ಕುಳಿತವರಿಗೆಲ್ಲ ಕೇಳುವಂತೆ, "ಭೇಷ್! ಚಿಲಕ ಗಟ್ಟಿಯಾಗಿದೆ, ನೀರು ಜೋರಾಗಿ ಬರುತ್ತೆ!" ಎಂದು ತೀರ್ಪು ಕೊಡುತ್ತಿದ್ದರು. ಆಗ ಎಲೆಗೆ ಪಾಯಸ ಬೀಳುತ್ತಿತ್ತು ಎಂಬುದನ್ನು ತಾವು ಗಮನಿಸಬೇಕು.

ಅವರ ದನಿಯ ಬಗ್ಗೆ ಒಂದು ಮಾತು. ದೊಡ್ಡಬಳ್ಳಾಪುರದಲ್ಲಿ ಅವರ ಮನೆಯ ಹಿಂದುಗಡೆಯೇ ಪವರ್‌ಲೂಮ್ ಮಗ್ಗಗಳು. ಹುಟ್ಟಿದಾಗಿನಿಂದ ಆ ಸದ್ದಿನೊಳಗೇ ಬೆಳೆದವರು. ಆ ಸದ್ದಿನಲ್ಲಿ ಹೆಂಡತಿಗೆ 'ಕಾಫಿ ಕೊಡು' ಎನ್ನಬೇಕಾದರೂ ಭಾಷಣ ಮಾಡುವವರ ಗಂಟಲು ಬೇಕು. ಹೀಗಾಗಿ ಮಾವನಿಗೆ ಮೆಲ್ಲಗೆ ಮಾತನಾಡಲು ಬರುತ್ತಲೇ ಇರಲಿಲ್ಲ. ಗುಟ್ಟು ಎಂಬುದು ಅವರ ಬಾಯಲ್ಲಿ ಉಳಿಯುವ ಪದಾರ್ಥವೇ ಅಲ್ಲ. ಅಂಥವರಿಗೆ ದೇವರು ಯಾವ ಕಾಯಿಲೆ ಕೊಟ್ಟ? ಜನ ಗಂಡ-ಹೆಂಡತಿಯ ನಡುವೆಯೂ ಬಾಯಿಬಿಡದ ಕಾಯಿಲೆ!

ದೊಡ್ಡ ಕರುಳಿನ ಒಳಗೋಡೆ ಉರಿದು ಹುಣ್ಣಾಗುವುದು, ರಕ್ತ ಬೀಳುವುದು, ಬರುತ್ತದೆ ಎಂದು ಅನ್ನಿಸಿದರೆ ಆ ಕ್ಷಣವೇ ಬಂದುಬಿಡುವುದು. ಗುಣವಾಗುವುದಿಲ್ಲ, ಹದ್ದುಬಸ್ತಿನಲ್ಲಿ ಇಡಬಹುದು. ಮಾವ ಇದನ್ನು ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಿದ್ದರು: "ಕಾವಲಿಗೆ ಅಂತ ಸಾಕಿದ ನಾಯಿ ಮನೆಯೋರ್ನೇ ಕಚ್ಚಿದಂಗೆ ಕಣಪ್ಪಾ. ಕಳ್ಳ ಯಾವನೂ ಬಂದಿಲ್ಲ. ನಮ್ಮ ನಾಯಿನೇ, ನಮ್ಮ ಕಾಲೇ."

ಬೆಂಗಳೂರಿಗೆ ಹೋಗುವ ಬಸ್ಸಿನ ಕಂಡಕ್ಟರುಗಳಿಗೆಲ್ಲ ಮಾವನ ಕರುಳಿನ ಪರಿಚಯವಿತ್ತು. "ಏನ್ ಗುರುಗಳೇ, ಇವತ್ತು ರಾಜಾನುಕುಂಟೇನೋ, ಯಲಹಂಕದವರೆಗೂ ತಡ್ಕೊಳ್ತೀರೋ?" ಎಂದು ಟಿಕೆಟ್ ಹರಿಯುವ ಮುಂಚೆಯೇ ಕೇಳುತ್ತಿದ್ದರು. ಮಾವ ಒಂದು ಕ್ಷಣ ಕಣ್ಣುಮುಚ್ಚಿ, ಒಳಗಿನವರನ್ನು ವಿಚಾರಿಸಿ, "ಯಲಹಂಕಕ್ಕೇ ಕೊಡಪ್ಪ, ಇವತ್ತು ಮೂಡು ಚೆನ್ನಾಗಿದೆ" ಎನ್ನುತ್ತಿದ್ದರು. ದಾರಿಯ ಯಾವ ಪೆಟ್ರೋಲ್ ಬಂಕಿನಲ್ಲಿ ನೀರು ಬರುತ್ತದೆ, ಯಾವ ಹೋಟೆಲಿನವನು ಕೀಲಿ ಕೊಡಲು ಮುಖ ಸಿಂಡರಿಸುತ್ತಾನೆ, ಎಲ್ಲವೂ ಅವರಿಗೆ ಬಾಯಿಪಾಠ.

ತಮ್ಮ ಮಗನಿಗೆ ಹೆಣ್ಣು ನೋಡಲು ಹೋಗಿದ್ದಾಗಿನ ಕಥೆಯಂತೂ ನಮ್ಮ ಮನೆಗಳಲ್ಲಿ ಪ್ರಸಿದ್ಧ. ತಿರುಗಿ ಬಂದ ಮೇಲೆ ನಮ್ಮಮ್ಮ ಕೇಳಿದಳು:

"ಹುಡುಗಿ ಹೆಂಗಿದ್ದಾಳೋ?"

"ಹುಡುಗೀನ ನಿನ್ನ ನಾದಿನಿ ನೋಡಿದ್ಳು. ನಾನು ಬಾತ್‌ರೂಮ್ ನೋಡ್ದೆ ಕಣಕ್ಕಾ. ಕನ್ನಡಿ ಹಂಗಿದೆ! ಮದುವೆ ಮಾಡ್ಬಿಡೋಣ."

"ಥೂ ನಿನ್ನ! ಬಾತ್‌ರೂಮ್ ಜೊತೆ ಸಂಸಾರ ಮಾಡ್ತಾನೇನೋ ನಿನ್ನ ಮಗ?"

"ಅಲ್ಲಕ್ಕಾ, ಬಂದೋರ ಅವಸರ ಗೊತ್ತಿರೋರು ಮಾತ್ರ ಅದನ್ನ ಚೆನ್ನಾಗಿ ಇಟ್ಕೊಂಡಿರ್ತಾರೆ. ಅಂಥಾ ಮನೆ ಹುಡುಗಿ ಕೆಟ್ಟವಳು ಹೆಂಗಾಗ್ತಾಳೆ?"

ಮದುವೆಯಾಯಿತು. ನಮ್ಮ ಕುಟುಂಬದಲ್ಲಿ ಇದುವರೆಗೆ ಅತ್ತೆ-ಸೊಸೆ ಜಗಳವಾಡದ ಮನೆ ಅದೊಂದೇ. ಏನನ್ನೋಣ?

ಈಗ ಮಾರುಕಟ್ಟೆಯ ವಿಷಯಕ್ಕೆ ಬರುತ್ತೇನೆ. ಮಾವ ಪೇಪರಿನಲ್ಲಿ ರಾಜಕೀಯ ಓದುವವರಲ್ಲ, ಕ್ರಿಕೆಟ್ ಅಂತೂ ಇಲ್ಲವೇ ಇಲ್ಲ. ವಾಣಿಜ್ಯದ ಪುಟವನ್ನು ತೆಗೆದು, ಔಷಧಿ ಕಂಪನಿಗಳ ಸುದ್ದಿಯನ್ನು ಹುಡುಕಿ ಹುಡುಕಿ ಓದುತ್ತಿದ್ದರು. ಮಗ ಮೊಬೈಲ್ ಕೊಡಿಸಿದ ಮೇಲಂತೂ ಕೇಳುವುದೇ ಬೇಡ. ಬೀದಿಯ ಕೊನೆಯ ಟೀ ಅಂಗಡಿಯಲ್ಲಿ ಉಳಿದ ನೇಕಾರರು ರೇಷ್ಮೆ ದರ, ಜರಿ ದರ ಮಾತನಾಡುತ್ತಿದ್ದರೆ ಇವರು, "ಕರುಳಿನ ಔಷಧಿ ಮಾರ್ಕೆಟ್ಟು ಜಗತ್ತಿನ ತುಂಬಾ ಏರ್ತಾ ಇದೆ ಕಣ್ರಯ್ಯಾ! ಅಮೆರಿಕ, ಜರ್ಮನಿ, ಜಪಾನು, ಎಲ್ಲಾ ಕಡೆ!" ಎಂದು ಸಂಭ್ರಮದಿಂದ ಘೋಷಿಸುತ್ತಿದ್ದರು.

"ಏನ್ ಗುರು, ಷೇರ್ ತಗೊಂಡಿದೀಯಾ?"

"ಷೇರು ಯಾಕಯ್ಯಾ? ನಾನು ಗಿರಾಕಿ!"

ನಾನೊಮ್ಮೆ ಕೇಳಿಯೇಬಿಟ್ಟೆ: "ಮಾವ, ಮಾರ್ಕೆಟ್ ಏರಿದ್ರೆ ಲಾಭ ಕಂಪನಿಯೋರಿಗೆ. ನಿಮಗ್ಯಾಕೆ ಇಷ್ಟು ಖುಷಿ?"

"ನಿಂಗೊತ್ತಾಗಲ್ಲ ಹೋಗೋ" ಎಂದರು. ಎಲ್ಲವನ್ನೂ ಬೀದಿಗೆಲ್ಲ ಕೇಳುವಂತೆ ವಿವರಿಸುವ ಮನುಷ್ಯ ಅದೊಂದನ್ನು ಮಾತ್ರ ವಿವರಿಸಲಿಲ್ಲ. ಒಂದು ಬಗೆಯ ಹುಚ್ಚು ಎಂದುಕೊಂಡು ನಾನೂ ಬಿಟ್ಟೆ.

ಕಾಯಿಲೆ ಮಾತ್ರೆಗಳಿಗೆ ಬಗ್ಗದೆ ಹೋದಾಗ ಡಾಕ್ಟರು ಚುಚ್ಚುಮದ್ದು ಬರೆದರು. ಹೊರದೇಶದ್ದು ಬಲು ದುಬಾರಿ. ಅದರ ಹಕ್ಕಿನ ಅವಧಿ ಮುಗಿದು, ಅದೇ ಬಗೆಯದನ್ನು ನಮ್ಮ ದೇಶದಲ್ಲೂ ತಯಾರಿಸುತ್ತಿದ್ದಾರೆ, ಅಗ್ಗ, ಆದರೆ ತದ್ರೂಪವಲ್ಲ, ಬಹುಪಾಲು ಹಾಗೆಯೇ, ಎಂದು ಡಾಕ್ಟರು ಹುಷಾರಾಗಿ ವಿವರಿಸಿದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಮಾವನ ಮುಖ ಅರಳಿತು.

"ಗೊತ್ತಾಯ್ತು ಬಿಡಿ ಸಾರ್! ಡಿಸೈನ್ ಕಾಪಿ! ಅಲ್ಲಿ ಹೊಸ ಡಿಸೈನ್ ಮಾಡ್ದೋನಿಗೆ ಇಷ್ಟು ವರ್ಷ ಅಂತ ಹಕ್ಕಿರುತ್ತೆ. ನಮ್ಮ ಬೀದೀಲಿ? ಬೆಳಿಗ್ಗೆ ಒಬ್ಬನ ಮಗ್ಗದಲ್ಲಿ ಮಾವಿನಕಾಯಿ ಬಾರ್ಡರ್ ಬಂದ್ರೆ ಸಾಯಂಕಾಲಕ್ಕೆ ಬೀದಿಗೆ ಬೀದಿನೇ ಮಾವಿನ ತೋಪು!"

ಡಾಕ್ಟರು ನಗು ತಡೆದುಕೊಂಡು, "ಹಾಗಾದ್ರೆ ನಿಮಗೆ ಪವರ್‌ಲೂಮ್ ಮಾಲು ಪರವಾಗಿಲ್ವಾ?" ಎಂದರು.

"ಹೊರಗೆ ಉಟ್ಕೊಂಡ್ರೇನೇ ಯಾವನಿಗೂ ಗೊತ್ತಾಗಲ್ಲ ಸಾರ್. ಇದಂತೂ ಒಳಗೆ ಹೋಗೋದು!"

ಕಾಯುತ್ತಿದ್ದ ರೋಗಿಗಳೂ ನಕ್ಕರು. ಬಾಗಿಲು ಹಾಕಿತ್ತು, ಆದರೆ ಮಾವನ ದನಿಗೆ ಬಾಗಿಲು ಯಾವ ಲೆಕ್ಕ?

ಆ ಮದ್ದನ್ನು ತಣ್ಣಗೆ ಇಡಬೇಕು. ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಾತ್ರೆಯನ್ನು ಪದಚ್ಯುತಗೊಳಿಸಿ ಆ ಜಾಗವನ್ನು ಮದ್ದಿಗೆ ಕೊಟ್ಟರು. ನಮ್ಮ ರತ್ನತ್ತೆ ಅಂದರೆ ಮಾವನ ಹೆಂಡತಿ, "ಕಟ್ಕೊಂಡೋಳಿಗೆ ಒಂದು ಮೂಗುಬೊಟ್ಟು ತಂದೋರಲ್ಲ, ಕರುಳಿಗೆ ಮಾತ್ರ ದಿನಾ ಉಪಚಾರ" ಎಂದು ಗೊಣಗುತ್ತಿದ್ದರು. ಕರೆಂಟು ಹೋದರೆ ಬೀದಿಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು, ನೇಕಾರರೆಲ್ಲ ಮೈಮುರಿದು ಬೀಡಿ ಹಚ್ಚುತ್ತಿದ್ದರು. ಮಾವ ಮಾತ್ರ ಮದ್ದಿನ ಡಬ್ಬಿ ಎದೆಗವಚಿಕೊಂಡು ಜನರೇಟರ್ ಇರುವ ಬೇಕರಿಗೆ ಓಡುತ್ತಿದ್ದರು. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ, ಕ್ರೀಮ್ ಬನ್ನುಗಳ ಪಕ್ಕದಲ್ಲಿ, ಜಾಗತಿಕ ಮಾರುಕಟ್ಟೆ ಕುಳಿತಿರುತ್ತಿತ್ತು.

ಸುಮಿತ್ರಳ ಕಾಯಿಲೆಯನ್ನು ಮೊದಲು ಗುರುತಿಸಿದವರೂ ಮಾವನೇ. ಅವಳು ನೆಲಮಂಗಲದ ಒಂದು ಶಾಲೆಯಲ್ಲಿ ಟೀಚರು. ಮಾತು ಕಡಿಮೆ, ದನಿ ಅದಕ್ಕಿಂತ ಕಡಿಮೆ. ಸೊರಗುತ್ತಿದ್ದಳು, ಊಟ ಬಿಡುತ್ತಿದ್ದಳು. ಅಮ್ಮ ಉಷ್ಣ ಎಂದು ಮೆಂತ್ಯದ ನೀರು ಕುಡಿಸುತ್ತಿದ್ದಳು. ಯಾರದೋ ಗೃಹಪ್ರವೇಶದ ಊಟದಲ್ಲಿ ಮಾವ ನನ್ನನ್ನು ಬೀದಿಯ ಕೊನೆಯವರೆಗೂ ಎಳೆದುಕೊಂಡು ಹೋದರು.

"ಲೇ, ಎಲೆ ಮುಂದೆ ಕೂರೋ ಮುಂಚೆ ನಿನ್ನ ತಂಗಿ ಬಾತ್‌ರೂಮ್ ಬಾಗಿಲು ಎಲ್ಲಿದೆ ಅಂತ ನೋಡಿದ್ಳು ಕಣೋ. ಹಂಗೆ ನೋಡೋಳು ಅವಳಲ್ಲ. ಅದು ನನ್ನ ನೋಟ."

ಮಾರನೆಯ ವಾರ ತಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅದೇ ಕಾಯಿಲೆ. ಅವಳು ಮಾವನ ಕೈ ಹಿಡಿದು ಒಂದೇ ಮಾತು ಕೇಳಿದಳಂತೆ: ಯಾರಿಗೂ ಹೇಳಬೇಡಿ. ನಾವೆಲ್ಲ ನಡುಗಿದೆವು. ಯಾರ ಕೈಯಲ್ಲಿ ಯಾವ ಗುಟ್ಟು! ಆದರೆ ಸುದ್ದಿ ನಮ್ಮೆರಡು ಮನೆಗಳ ಹೊಸ್ತಿಲು ದಾಟಲಿಲ್ಲ.

ಹೊಸಕೋಟೆಯ ಸಂಬಂಧ ಗೊತ್ತಾದಾಗ ಮಾವ ಅವಳಿಗೆ ಹೇಳಿದ್ದು ಇಷ್ಟು: "ಹುಡುಗನಿಗೆ ಹೇಳ್ಬಿಡಮ್ಮ, ಮೋಸ ಬೇಡ. ಊರಿಗೆ ಹೇಳೋದು ಬಿಡೋದು ನಿನ್ನಿಷ್ಟ." ಅವಳು ಹುಡುಗನಿಗೆ ಹೇಳಿದಳು. ಅವನು ಒಪ್ಪಿದ, ಅವನ ಹಿರಿಯರಿಗೆ ಹೇಳುವುದನ್ನು ಅವಳಿಗೇ ಬಿಟ್ಟ. ಅವಳಿಗೆ ಧೈರ್ಯ ಬಂದಿರಲಿಲ್ಲ. ಮದುವೆಯ ಹೊತ್ತಿಗೆ ಕಾಯಿಲೆ ಹತೋಟಿಯಲ್ಲಿತ್ತು. ಆದರೂ ಒಂದು ಹೆದರಿಕೆ ಅವಳನ್ನು ತಿನ್ನುತ್ತಿತ್ತು: ಅಷ್ಟು ಜನರ ಮುಂದೆ, ಮುಹೂರ್ತದ ಹೊತ್ತಿಗೇ ಬಂದರೆ?

ಮಾವ ಎರಡು ತಾಲ್ಲೂಕಿನ ಛತ್ರಗಳನ್ನೆಲ್ಲ ಸುತ್ತಿ ಈ ಛತ್ರವನ್ನು ಹಿಡಿದರು. ಅಪ್ಪ ಕೇಳಿದರು, "ಊಟದ ಹಾಲ್ ದೊಡ್ಡದಾಗಿದೆಯಾ?" ಮಾವ ಹೇಳಿದರು, "ಅದ್ಯಾವನು ನೋಡಿದ?"

ಇನ್ನು ನಾನು ಕಂಡದ್ದು.

ಸೋದರಮಾವ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕು, ಅದು ಶಾಸ್ತ್ರ. ಪುರೋಹಿತರು ಮೈಕಿನಲ್ಲಿ ಕರೆದರು. ಮಾವ ಸುಮಿತ್ರಳ ಕೈ ಹಿಡಿದು ಕೋಣೆಯಿಂದ ಹೊರಬಂದರು. ಹಿಂದೆ ಆರತಿ ತಟ್ಟೆಯೊಂದಿಗೆ ರತ್ನತ್ತೆ. ಮುಂದೆ, ಲೈಟು ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದ, ನಮ್ಮ ಕಡೆಯದೇ ವಿಜಯಪುರದ ಫೋಟೋಗ್ರಾಫರ್ ಮುನಿರಾಜು. ಪ್ಯಾಸೇಜಿನ ನಡುವೆ ಅವಳು ನಿಂತಳು. ಮುಖ ಬಿಳಿಚಿತು. ಮಾವನನ್ನು ನೋಡಿದಳು, ಅಷ್ಟೇ. ಮಾವ ಅವಳ ಕೊರಳಿನ ಹಾರ ತೆಗೆದು ತಮ್ಮ ಕೊರಳಿಗೆ ಹಾಕಿಕೊಂಡರು. "ಲೈಟ್ ಆರ್ಸಪ್ಪ" ಎಂದರು. ಮುನಿರಾಜು ಆರಿಸಿದ. ಅವಳು ಎದುರಿನ ಬಾಗಿಲಿನೊಳಗೆ ಹೋದಳು.

ಆಗ ಮಾವ ಪ್ಯಾಸೇಜಿನ ಪರದೆ ಸರಿಸಿ, ಹಾಲಿಗೆ ತಲೆ ಹಾಕಿ, ಮಗ್ಗಗಳನ್ನೆಲ್ಲ ಸೋಲಿಸುವ ಆ ದನಿಯಲ್ಲಿ ಕೂಗಿದರು:

"ಪುರೋಹಿತ್ರೇ! ಸ್ವಲ್ಪ ತಡೀರಿ! ನನ್ನ ಹೊಟ್ಟೆ ಕೈ ಕೊಡ್ತು!"

ಹಾಲಿಗೆ ಹಾಲೇ ನಕ್ಕಿತು. ಹುಡುಗನ ದೊಡ್ಡಪ್ಪ ಎದ್ದುನಿಂತು, "ಏನ್ರೀ ಇದು, ಮುಹೂರ್ತ ಮೀರೋಗುತ್ತೆ!" ಎಂದರು.

"ಮುಹೂರ್ತ ಪಂಚಾಂಗದಲ್ಲಿದೆ ಸ್ವಾಮಿ! ಇದು ಪಂಚಾಂಗ ನೋಡ್ಕೊಂಡು ಬರಲ್ಲ!"

ಇನ್ನೊಂದು ಅಲೆ ನಗು. ವಾಲಗದವರು ಬೇರೆ ರಾಗ ಹಿಡಿದರು. ಹೊಸಕೋಟೆಯವರಿಗೆ ಗೊತ್ತಿರುವುದು ಇಷ್ಟೇ.

ಮಾವ ಹಿಂದಿರುಗಿ ಬಂದು, ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಒಳಗಿನಿಂದ ಅಳುವ ದನಿ: "ಮಾವ, ಎಲ್ಲಾ ಕಾಯ್ತಿದ್ದಾರೆ..."

"ಕಾಯ್ಲಿ ಬಿಡು. ನನಗೆ ಕಾಯ್ತಿರೋದು, ನಿನಗಲ್ಲ."

ಇದನ್ನು ಮಾವ ಮೆಲ್ಲಗೆ ಹೇಳಿದರು. ಅವರು ಮೆಲ್ಲಗೆ ಮಾತನಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಪರದೆಯ ಆಚೆ ನಿಂತವರಿಗೂ ಕೇಳಿಸದಷ್ಟು ಮೆಲ್ಲಗೆ.

"ನನಗೆ ಇದು ಬಂದಾಗ ಊರಿಗೆಲ್ಲಾ ನಾನೊಬ್ನೇ ಅಂದ್ಕೊಂಡಿದ್ದೆ ಕಣಮ್ಮ. ಆಮೇಲೆ ಪೇಪರ್‌ನಲ್ಲಿ ಓದ್ದೆ. ಎಷ್ಟೊಂದು ಕಂಪನಿ, ಎಷ್ಟೊಂದು ದೇಶ! ಯಾರೂ ಇಲ್ದೆ ಸುಮ್ಸುಮ್ನೆ ಕಾರ್ಖಾನೆ ಹಾಕ್ತಾರೇನಮ್ಮ? ಮಾರ್ಕೆಟ್ಟು ಅಂದ್ರೆ ಜನ. ಈಗ ಜಪಾನ್‌ನಲ್ಲಿ ಒಬ್ಬಳು ಮದುಮಗಳು ಹಿಂಗೇ ಒಳಗೆ ಕೂತಿರ್ತಾಳೆ. ಬಾಗಿಲ ಹತ್ರ ಅವಳ ಮಾವ ನಿಂತಿರ್ತಾನೆ."

ಆಮೇಲೆ, "ಜಪಾನಲ್ಲಿ ಸೋದರಮಾವ ಕರ್ಕೊಂಡು ಬರಲ್ಲ ಮಾವ" ಎಂದು ಅಳುವಿನ ನಡುವೆಯೇ ಒಂದು ನಗು ಕೇಳಿಸಿತು. ನಲ್ಲಿಯ ನೀರು ಜೋರಾಗಿ ಬಂತು. ಅವಳು ಹೊರಬಂದಳು. ಮಾವ ತಮ್ಮ ಶಲ್ಯದ ತುದಿಯಿಂದ ಅವಳ ಕಣ್ಣೊರೆಸಿ, ಕಾಡಿಗೆ ಕದಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಾರ ತೆಗೆದು ಅವಳಿಗೆ ಹಾಕಿದರು. ಮಂಟಪದವರೆಗೂ ತಮ್ಮ ಹೊಟ್ಟೆಯನ್ನು ಹಿಡಿದುಕೊಂಡೇ ನಡೆದರು. ಮುಹೂರ್ತ ಮೀರಿರಲಿಲ್ಲ.

ಕಳೆದ ಆಷಾಢದಲ್ಲಿ ಮಾವ ಹೋದರು. ಕರುಳಿನಿಂದಲ್ಲ, ಹೃದಯದಿಂದ. ಉತ್ತರಕ್ರಿಯೆಯ ಊಟಕ್ಕೆ ಮಗ್ಗದ ಶೆಡ್ಡಿನಲ್ಲೇ ಎಲೆ ಹಾಕಿದ್ದರು. ಮಗ್ಗಗಳು ನಿಂತಿದ್ದವು, ಆ ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಹೊಸಕೋಟೆಯ ದೊಡ್ಡಪ್ಪ ಪ್ರೀತಿಯಿಂದಲೇ ಆ ಕಥೆ ತೆಗೆದರು: "ಏನೇ ಹೇಳಿ, ಹೊಟ್ಟೆ ಕೆಡಿಸ್ಕೊಂಡು ಮುಹೂರ್ತಾನೇ ನಿಲ್ಸಿದ ಪುಣ್ಯಾತ್ಮ!" ಜನ ನಕ್ಕರು.

ಅನ್ನ ಬಡಿಸುತ್ತಿದ್ದ ಸುಮಿತ್ರ ಪಾತ್ರೆ ಕೆಳಗಿಟ್ಟಳು.

"ಅವತ್ತು ಕೆಟ್ಟಿದ್ದು ಮಾವನ ಹೊಟ್ಟೆ ಅಲ್ಲ. ನಂದು. ನನಗೂ ಅದೇ ಕಾಯಿಲೆ ಇದೆ."

ಅವಳು ಅಷ್ಟು ಜೋರಾಗಿ ಮಾತನಾಡಬಲ್ಲಳೆಂದು ನಮಗೆ ಗೊತ್ತಿರಲಿಲ್ಲ. ಬೀದಿಗೇ ಕೇಳಿಸಿರಬೇಕು. ಊಟವಾದ ಮೇಲೆ ಕೈ ತೊಳೆಯುವ ಕಡೆ, ಅದೇ ದೊಡ್ಡಪ್ಪನ ಹೆಂಡತಿ ಸುಮಿತ್ರಳ ಸೆರಗು ಹಿಡಿದು, ಅತ್ತಿತ್ತ ನೋಡಿ, "ಯಾವ ಡಾಕ್ಟ್ರಮ್ಮ ಅವರು? ನಮ್ಮ ಚಿಕ್ಕ ಮಗಳಿಗೆ..." ಎಂದರು.

ಆ ಪ್ಯಾಸೇಜಿನಲ್ಲಿ ಅವತ್ತು ನಡೆದದ್ದಕ್ಕೆ ಸಾಕ್ಷಿಯಾಗಿ ನಾವು ಐದು ಜನ ಇದ್ದೆವು. ಮಾವ ಈಗ ಇಲ್ಲ. ದೊಡ್ಡಬಳ್ಳಾಪುರದಲ್ಲಿ ರತ್ನತ್ತೆ ಇದ್ದಾರೆ, ದೋಸೆಹಿಟ್ಟಿನ ಪಾತ್ರೆಯನ್ನು ಇನ್ನೂ ಅದರ ಹಳೆಯ ಜಾಗಕ್ಕೆ ಇಟ್ಟಿಲ್ಲ. ವಿಜಯಪುರದಲ್ಲಿ ಮುನಿರಾಜು ಇದ್ದಾನೆ. ಕೇಳಿದರೆ, ಆ ಹೊತ್ತಿನ ಫೋಟೋ ಯಾಕಿಲ್ಲವೆಂದು ಹೇಳುತ್ತಾನೆ. ಹೊಸಕೋಟೆಯಲ್ಲಿ ಸುಮಿತ್ರ ಇದ್ದಾಳೆ. ನಾನಿದ್ದೇನೆ.